ಗುಳಿಗೆಗೆ ಬೆಲೆಯಿದೆ, ಮಾತಿಗಿಲ್ಲ

ಕಳೆದ ಚಳಿಗಾಲದಲ್ಲಿ ನನ್ನ ತಾಯಿ ಹಾವೇರಿಯಿಂದ ಅಹಮದಾಬಾದಿಗೆ ಬಂದರು. ಬಂದ ಮೂರನೆಯ ವಾರಕ್ಕೆ ಅವರ ಎರಡೂ ಪಾದಗಳು ಊದಿಕೊಂಡವು. ಬೆಳಿಗ್ಗೆ ಎದ್ದು ನಿಂತರೆ ತಲೆ ಸುತ್ತುತ್ತದೆ ಎಂದರು. ನಾವು ಅದಕ್ಕೆ ವಯಸ್ಸನ್ನು ದೂರಿದೆವು, ರೈಲಿನಲ್ಲಿ ಕಾಲು ಇಳಿಬಿಟ್ಟು ಕುಳಿತದ್ದನ್ನು ದೂರಿದೆವು, ಇಲ್ಲಿನ ಒಣ ಚಳಿಯನ್ನೂ ದೂರಿದೆವು. ತಿಂಗಳ ಗುಳಿಗೆ ಮುಗಿಯಿತೆಂದು ಸ್ಯಾಟಲೈಟ್ ಬಡಾವಣೆಯ ಒಂದು ಸಣ್ಣ ಔಷಧದಂಗಡಿಗೆ ಅವರನ್ನೂ ಕರೆದುಕೊಂಡು ಹೋದೆ. ಕೌಂಟರಿನ ಹಿಂದಿದ್ದ ಯುವಕ ಚೀಟಿಯನ್ನು ನೋಡಿದ, ಅಮ್ಮನ ಚಪ್ಪಲಿಯ ಪಟ್ಟಿ ಪಾದದೊಳಕ್ಕೆ ಹೂತಿದ್ದನ್ನು ನೋಡಿದ, "ಇವರು ಬೇರೆ ಏನೇನು ಗುಳಿಗೆ ತೆಗೆದುಕೊಳ್ಳುತ್ತಾರೆ, ಎಲ್ಲವನ್ನೂ ತನ್ನಿ" ಎಂದು ಹಿಂದಿಯಲ್ಲಿ ಹೇಳಿದ.

ಮನೆಗೆ ಹಿಂತಿರುಗಿ ಬಿಸ್ಕತ್ತಿನ ಡಬ್ಬವೊಂದನ್ನು ತಂದೆ. ಅದರಲ್ಲಿ ಹಾವೇರಿಯ ಗುಳಿಗೆಗಳಿದ್ದವು, ಅಹಮದಾಬಾದಿನವೂ ಇದ್ದವು. ಆತ ಎರಡು ಪಟ್ಟಿಗಳನ್ನು ತೆಗೆದು ಅಕ್ಕಪಕ್ಕ ಇಟ್ಟ. ಒಂದರ ಬಣ್ಣ ನೀಲಿ, ಇನ್ನೊಂದರದು ಬೆಳ್ಳಿ. ಹೆಸರುಗಳಲ್ಲಿ ಒಂದಕ್ಷರದ ಸಾಮ್ಯವೂ ಇರಲಿಲ್ಲ. ಆದರೆ ಅವುಗಳ ಕೆಳಗೆ ಇರುವೆಗಾತ್ರದಲ್ಲಿ ಅಚ್ಚಾಗಿದ್ದ ಹೆಸರು ಒಂದೇ: ಅಮ್ಲೋಡಿಪಿನ್, 5 ಮಿಲಿಗ್ರಾಂ. ಊರಿನ ವೈದ್ಯರು ಬರೆದದ್ದನ್ನು ಅಮ್ಮ ನಿಲ್ಲಿಸಿರಲಿಲ್ಲ. ಇಲ್ಲಿನ ವೈದ್ಯರು ಬರೆದದ್ದನ್ನು ಆರಂಭಿಸಿದ್ದರು. ಇಲ್ಲಿನ ವೈದ್ಯರು ಹಳೆಯದನ್ನು ಕೇಳಲಿಲ್ಲ, ನಾವೂ ತೋರಿಸಲಿಲ್ಲ. ಹೀಗೆ ಮೂರು ವಾರ ಎರಡರಷ್ಟು ಔಷಧ ದೇಹಕ್ಕೆ ಹೋಗಿತ್ತು. ಈ ಔಷಧದ ಪ್ರಮಾಣ ಏರಿದಂತೆ ಪಾದ ಊದುವುದೂ ಏರುತ್ತದೆ ಎಂಬುದು ಆ ವಿದ್ಯೆ ಕಲಿತವರೆಲ್ಲರಿಗೂ ಗೊತ್ತಿರುವ ಸಂಗತಿಯಂತೆ. ಆತ ವೈದ್ಯರಿಗೆ ದೂರವಾಣಿ ಮಾಡಿದ, ಮಾತಾಡಿದ, ಒಂದು ಪಟ್ಟಿಯ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದು ನನ್ನ ಕೈಗೆ ಕೊಟ್ಟ. ಇದಕ್ಕೆಲ್ಲ ಹತ್ತು ಹದಿನೈದು ನಿಮಿಷ ಹಿಡಿಯಿತು. ನಮ್ಮ ಹಿಂದೆ ನಿಂತಿದ್ದ ಮೂವರಲ್ಲಿ ಒಬ್ಬರು ಬೇಸತ್ತು ಎದುರಿನ ಅಂಗಡಿಗೆ ಹೋದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಅಂದು ಆತ ಮಾರಬಹುದಾಗಿದ್ದ ಒಂದು ಪಟ್ಟಿಯನ್ನು ಮಾರಲಿಲ್ಲ. ಒಬ್ಬ ಗಿರಾಕಿಯನ್ನು ಕಳೆದುಕೊಂಡ. ನನ್ನ ತಾಯಿಗೆ ಆ ತಿಂಗಳು ಯಾರಾದರೂ ನಿಜವಾದ ಉಪಕಾರ ಮಾಡಿದ್ದರೆ ಅದು ಆತ. ಆ ಉಪಕಾರಕ್ಕೆ ಆತನಿಗೆ ದಕ್ಕಿದ್ದು ನಷ್ಟ. ವೈದ್ಯರ ಶುಲ್ಕ ಕೊಟ್ಟಿದ್ದೆ, ಪ್ರಯೋಗಾಲಯದ ಶುಲ್ಕ ಕೊಟ್ಟಿದ್ದೆ. ಆತನಿಗೆ ಏನು ಕೊಡಬೇಕೆಂದು ತಿಳಿಯಲಿಲ್ಲ. ಏಕೆಂದರೆ ಹಾಗೆ ಕೊಡುವ ಕ್ರಮವೇ ನಮ್ಮಲ್ಲಿಲ್ಲ.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಈ ವಿಚಿತ್ರ ಲೆಕ್ಕ ಹೊಸದಲ್ಲ. ಜಾರ್ಜ್ ಎಲಿಯಟ್‌ಳ 'ಮಿಡಲ್‌ಮಾರ್ಚ್' ಕಾದಂಬರಿಯಲ್ಲಿ ಲಿಡ್‌ಗೇಟ್ ಎಂಬ ತರುಣ ವೈದ್ಯನೊಬ್ಬ ಸಣ್ಣ ಊರಿಗೆ ಬಂದು, ತಾನು ಸಲಹೆ ಕೊಡುತ್ತೇನೆ, ಔಷಧ ಮಾರುವುದಿಲ್ಲ ಎಂದು ಘೋಷಿಸುತ್ತಾನೆ. ಊರೇ ಕೆರಳುತ್ತದೆ. ಔಷಧದ ಲೆಕ್ಕದಲ್ಲೇ ಹಣ ಪಡೆಯಬೇಕಾದ ವೈದ್ಯ ಅನಗತ್ಯವಾದ ಔಷಧವನ್ನೂ ಕುಡಿಸಲೇಬೇಕಾಗುತ್ತದೆ ಎಂಬ ಸರಳ ಸತ್ಯವನ್ನು ಆತ ಊರಿನ ದಿನಸಿ ವ್ಯಾಪಾರಿಗೆ ವಿವರಿಸುತ್ತಾನೆ. ವ್ಯಾಪಾರಿಯ ಹೆಂಡತಿಗೆ ಮಾತ್ರ ತನ್ನ ಗುಲಾಬಿ ಬಣ್ಣದ ಮಿಶ್ರಣದ ಮೇಲಿನ ನಂಬಿಕೆ ಕದಲುವುದಿಲ್ಲ. ಇದರ ಹಿಂದೆ ನಿಜವಾದ ಕಾನೂನಿನ ಕಥೆಯೊಂದಿದೆ. 1704ರಲ್ಲಿ ವಿಲಿಯಂ ರೋಸ್ ಎಂಬ ಲಂಡನ್ನಿನ ಅಪೊಥೆಕರಿಯ ಮೊಕದ್ದಮೆಯಲ್ಲಿ, ಔಷಧ ಮಾರುವವರು ರೋಗಿಗೆ ಸಲಹೆಯನ್ನೂ ಕೊಡಬಹುದೆಂದು ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಆದರೆ ಹಣ ಕೇಳಬೇಕಾದರೆ ಔಷಧಕ್ಕೆ ಮಾತ್ರ ಕೇಳಬೇಕಿತ್ತು, ಸಲಹೆಗೆ ಕೇಳುವಂತಿರಲಿಲ್ಲ. ಮುನ್ನೂರು ವರ್ಷಗಳ ಬಳಿಕ ಸ್ಯಾಟಲೈಟಿನ ಔಷಧದಂಗಡಿ ಇನ್ನೂ ಆ ತೀರ್ಪಿನ ನೆರಳಿನಲ್ಲೇ ನಿಂತಿದೆ ಎಂದು ನನಗನ್ನಿಸುತ್ತದೆ.

ಗುಲಾಬಿ ಮಿಶ್ರಣ ಎಂದಾಗ ನಮ್ಮ ತಾಲ್ಲೂಕು ಆಸ್ಪತ್ರೆಯ ಕಂಪೌಂಡರ್ ನೆನಪಾಗುತ್ತಾರೆ. ಮನೆಯಿಂದಲೇ ಬಾಟಲಿ ಒಯ್ಯಬೇಕಿತ್ತು. ಬಾಟಲಿಯ ಬೆನ್ನಿಗೆ ಕಾಗದವನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಒಂದು ಹಲ್ಲು ಒಂದು ಹೊತ್ತಿಗೆ. ಓದು ಬಾರದವರೂ ಅಳತೆ ತಪ್ಪುತ್ತಿರಲಿಲ್ಲ. ಗುಳಿಗೆಗಳು ಫಳಫಳಿಸುವ ಪಟ್ಟಿಗಳಲ್ಲಿ ಸಿದ್ಧವಾಗಿ ಬರತೊಡಗಿದ ಮೇಲೆ ಆ ಕತ್ತರಿಯ ಕೆಲಸ ನಿಂತಿತು, ಜೊತೆಗೆ ಆ ಮಾತೂ ನಿಂತಿತು.

ಕಾಗದದ ಮೇಲೆ ನಮ್ಮ ಕಾನೂನು ಹಿಂದೆ ಬಿದ್ದಿಲ್ಲ. ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ವೈದ್ಯರ ಚೀಟಿಯ ಮೇಲೆ ಔಷಧ ವಿತರಿಸಬಾರದೆಂದು 1948ರ ಫಾರ್ಮಸಿ ಕಾಯ್ದೆಯ 42ನೆಯ ಕಲಮು ಹೇಳುತ್ತದೆ. 2015ರ ಜನವರಿಯಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ಹೊರಡಿಸಿದ ಫಾರ್ಮಸಿ ವೃತ್ತಿ ನಿಯಮಾವಳಿಯಂತೂ ರೋಗಿಗೆ ಏನೇನು ತಿಳಿಸಬೇಕೆಂಬುದನ್ನು ಬಿಡಿಬಿಡಿಯಾಗಿ ಹೇಳಿದೆ: ಔಷಧದ ಹೆಸರು, ಅದು ಮಾಡುವ ಕೆಲಸ, ಎಷ್ಟು ದಿನ, ಯಾವ ಅಡ್ಡಪರಿಣಾಮ ಕಂಡರೆ ಏನು ಮಾಡಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಔಷಧದ ಪರಿಣಾಮವನ್ನು ತಾನೇ ಗಮನಿಸಿಕೊಳ್ಳುವುದು ಹೇಗೆ ಎಂಬುದರವರೆಗೆ. ಓದಿದರೆ ಸಂತೋಷವಾಗುತ್ತದೆ. ನಾನು ಸರ್ಕಾರಿ ಕಡತಗಳ ನಡುವೆ ಬದುಕುವವನು. ಒಳ್ಳೆಯ ವಾಕ್ಯಗಳು ಕಡತದಲ್ಲಿ ಎಷ್ಟು ನೆಮ್ಮದಿಯಿಂದ ನಿದ್ರಿಸಬಲ್ಲವೆಂಬುದನ್ನು ಬಲ್ಲೆ. ಈ ಮಾತಿಗೆ ಹಣ ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಆ ನಿಯಮಗಳಿಂದ ಅಂಗಡಿಯವನಿಗೆ ಉತ್ತರ ಸಿಕ್ಕಿಲ್ಲ. ಬೆಲೆ ನಿಯಂತ್ರಣಕ್ಕೆ ಒಳಪಟ್ಟ ಔಷಧಗಳಿಗೆ 2013ರ ಆದೇಶ ಚಿಲ್ಲರೆ ಅಂಗಡಿಗೆ ನಿಗದಿಮಾಡಿರುವ ಲಾಭ ಶೇಕಡ 16. ಹತ್ತು ಗುಳಿಗೆಯ ಪಟ್ಟಿಗೆ 30 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಗೆ ಉಳಿಯುವುದು ಹೆಚ್ಚೆಂದರೆ 4 ರೂಪಾಯಿ. ಆ ನಾಲ್ಕು ರೂಪಾಯಿಯಲ್ಲಿ ಬಾಡಿಗೆ, ದೀಪ, ಸಂಬಳ, ಮೇಲೆ ಹತ್ತು ನಿಮಿಷದ ಸಮಾಲೋಚನೆ!

ಬೇರೆ ಕಾಯಿಲೆಗಳಲ್ಲಿ ಈ ಕೊರತೆ ಅಷ್ಟಾಗಿ ಕಾಣದೆ ಹೋಗಬಹುದು. ಜ್ವರದ ರೋಗಿ ಐದು ದಿನ ಗುಳಿಗೆ ನುಂಗಿ ಏಳುತ್ತಾನೆ. ರಕ್ತದೊತ್ತಡದ ರೋಗಿಗೆ ನೋವಿಲ್ಲ, ಜ್ವರವಿಲ್ಲ, ಗುಳಿಗೆ ನುಂಗಿದಾಗ ಹಿತವೂ ಇಲ್ಲ, ಬಿಟ್ಟಾಗ ತಕ್ಷಣದ ಶಿಕ್ಷೆಯೂ ಇಲ್ಲ. ಅಮ್ಲೋಡಿಪಿನ್ ದೇಹದಿಂದ ನಿಧಾನವಾಗಿ ಹೊರಹೋಗುವ ಔಷಧವಾದ್ದರಿಂದ ಒಂದು ದಿನ ತಪ್ಪಿಸಿದವನಿಗೆ ಏನೂ ಆಗಿಲ್ಲವೆನ್ನಿಸುತ್ತದೆ. ಆ ಧೈರ್ಯದಲ್ಲಿ ಆತ ಬೀಟಾ ಬ್ಲಾಕರ್ ಗುಂಪಿನ ಇನ್ನೊಂದು ಗುಳಿಗೆಯನ್ನೂ ಥಟ್ಟನೆ ನಿಲ್ಲಿಸುತ್ತಾನೆ, ಅದು ಹೃದಯಕ್ಕೆ ಅಪಾಯ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಶೇಕಡ 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಇವರು ವೈದ್ಯರನ್ನು ವರ್ಷಕ್ಕೆ ಎಷ್ಟು ಸಲ ಕಾಣುತ್ತಾರೆ? ನಮ್ಮ ಬಳಗದಲ್ಲಿ ವಿಚಾರಿಸಿದಾಗ ಒಂದು, ಬಹಳವೆಂದರೆ ಎರಡು ಎಂದರು, ಇಬ್ಬರು ನಕ್ಕರು. ಔಷಧದಂಗಡಿಗೆ ಮಾತ್ರ ಪ್ರತಿ ತಿಂಗಳೂ ಹೋಗುತ್ತಾರೆ.

ಅಲ್ಲಿ ಗಮನಿಸಲು ಎಷ್ಟೊಂದಿದೆ! ಮೊಣಕಾಲು ನೋವಿಗೆಂದು ಚೀಟಿಯಿಲ್ಲದೆ ಕೊಳ್ಳುವ ಡೈಕ್ಲೋಫಿನಾಕ್, ಐಬುಪ್ರೊಫೆನ್‌ಗಳು ರಕ್ತದೊತ್ತಡವನ್ನು ಏರಿಸುತ್ತವೆ, ಒತ್ತಡದ ಕೆಲವು ಗುಳಿಗೆಗಳ ಜೊತೆ ಸೇರಿದರೆ ಮೂತ್ರಪಿಂಡಕ್ಕೂ ಪೆಟ್ಟು. ಮೂಗು ಕಟ್ಟಿದಾಗ ನುಂಗುವ ನೆಗಡಿ ಗುಳಿಗೆಗಳಲ್ಲಿ ಕೆಲವು ಇದೇ ಜಾತಿಯವು. ಗುಜರಾತಿನಲ್ಲಿ ಇನ್ನೂ ಕೆಲವು ವಿಶೇಷಗಳಿವೆ. ಹೊಟ್ಟೆಯುಬ್ಬರಕ್ಕೆ ನೀರಿನಲ್ಲಿ ನೊರೆಯುಕ್ಕಿಸಿ ಕುಡಿಯುವ ಪುಡಿ ಸೋಡಿಯಂನ ಮೂಟೆ. ಅದೇ ಪುಡಿ ಖಮಣ್ ಉಬ್ಬಿಸಲೂ ಬೇಕು. ಗಾಂಠಿಯಾಕ್ಕೆ ಹಾಕುವ ಪಾಪಡ್ ಖಾರ್ ಕೂಡ ಸೋಡಿಯಂನ ಲವಣವೇ, ನಾಲಗೆಗೆ ಉಪ್ಪೆನ್ನಿಸದಿದ್ದರೂ. ಏಕಾದಶಿಯ ದಿನ ಊರಿನವರೂ ಇಲ್ಲಿನವರೂ ಒಂದಾಗಿ ನಂಬುವುದೆಂದರೆ ಸೈಂಧವ ಲವಣ 'ಉಪ್ಪಲ್ಲ' ಎಂದು. ಅದರ ಬಹುಪಾಲು ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಕ್ಲೋರೈಡೇ. ನಮ್ಮ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿಯ ಸುದ್ದಿಯನ್ನು ಇಲ್ಲಿ ತೆಗೆಯುವುದಿಲ್ಲ, ಮನೆಯಲ್ಲಿ ಶಾಂತಿ ಬೇಕು. ನೋವಿನ ಗುಳಿಗೆಯನ್ನೂ ನೊರೆಯ ಪುಡಿಯನ್ನೂ ಒತ್ತಡದ ಗುಳಿಗೆಯನ್ನೂ ಒಂದೇ ಚೀಲದಲ್ಲಿ ಹಾಕಿಕೊಡುವವನು ಒಬ್ಬನೇ. ವೈದ್ಯರ ಕಣ್ಣಿಗೆ ಬೀಳದ ಈ ಸಂಗಮ ಆತನ ಬಿಲ್ಲಿನಲ್ಲಿದೆ.

ಅಹಮದಾಬಾದಿನಂಥ ಊರಿನಲ್ಲಿ ಹೀಗಿರುವುದು ಇನ್ನೂ ಸೋಜಿಗ. ಇದು ಔಷಧಗಳ ಊರು. ಎಲ್.ಎಂ. ಫಾರ್ಮಸಿ ಕಾಲೇಜು 1947ರಲ್ಲೇ ಇಲ್ಲಿ ಆರಂಭವಾಯಿತು. ಅಲ್ಲಿ ಉಪನ್ಯಾಸಕರಾಗಿದ್ದ ರಮಣಭಾಯ್ ಪಟೇಲ್ 1952ರಲ್ಲಿ ಇಂದ್ರವದನ ಮೋದಿಯವರೊಡನೆ ಕ್ಯಾಡಿಲಾ ಕಂಪನಿಯನ್ನು ಕಟ್ಟಿದರು. ಟೊರೆಂಟ್ ಕಟ್ಟಿದ ಯು.ಎನ್. ಮೆಹ್ತಾ ಅವರ ಹೆಸರಿನಲ್ಲಿ ಅಸಾರ್ವಾದಲ್ಲಿ ಹೃದ್ರೋಗದ ಆಸ್ಪತ್ರೆಯೇ ಇದೆ. ವಡೋದರಾದ ಅಲೆಂಬಿಕ್ 1907ರಷ್ಟು ಹಳೆಯದು. ಆದರೆ ಸ್ವಾತಂತ್ರ್ಯಾನಂತರದ ನಮ್ಮ ಫಾರ್ಮಸಿ ಶಿಕ್ಷಣದ ಮುಖ ಕಾರ್ಖಾನೆಯ ಕಡೆಗಿತ್ತು. ಆಗ ಅದು ತಪ್ಪೂ ಆಗಿರಲಿಲ್ಲ; ದೇಶಕ್ಕೆ ಅಗ್ಗದ ಗುಳಿಗೆ ಬೇಕಿತ್ತು, ಈ ಊರು ಕೊಟ್ಟಿತು. ರೋಗಿಯ ಕಡೆಗೆ ಮುಖ ತಿರುಗಿದ್ದು ಬಹಳ ತಡವಾಗಿ. ನಮ್ಮ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದ ಕೊನೆಯ ಭಾಗದಲ್ಲಿ ಆಸ್ಪತ್ರೆಯ ವಾರ್ಡುಗಳಲ್ಲಿ ಕಲಿಸುವ ಸ್ನಾತಕೋತ್ತರ ಪಾಠಕ್ರಮವನ್ನು ಆರಂಭಿಸಿ ದೇಶದಲ್ಲಿ ಮೊದಲಿಗರ ಸಾಲಿನಲ್ಲಿ ನಿಂತಿತು. ರೋಗಿಯನ್ನೇ ಕೇಂದ್ರವಾಗಿಟ್ಟ ಆರು ವರ್ಷದ ಫಾರ್ಮ್.ಡಿ. ಪದವಿ ಬಂದದ್ದು 2008ರಲ್ಲಿ. ಆ ಪದವಿ ಪಡೆದ ಮಕ್ಕಳಿಗೆ ಔಷಧದಂಗಡಿಯಲ್ಲಿ ಏನಿದೆ? ಪಟ್ಟಿಗೊಂದರಂತೆ ಸಿಗುವ ನಾಲ್ಕು ರೂಪಾಯಿಗೆ ಆರು ವರ್ಷ ಓದಿದವರು ಬಂದು ನಿಲ್ಲುವರೆ?

ಹೊರಗಿನ ಅನುಭವ ಬೇರೆ ದಾರಿಯನ್ನು ತೋರಿಸಿದೆ. ಲಾಸ್ ಏಂಜಲಿಸ್‌ನಲ್ಲಿ ಕಪ್ಪು ಸಮುದಾಯದವರ 52 ಕ್ಷೌರದಂಗಡಿಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಒಂದು ಗುಂಪಿನವರಿಗೆ ಕ್ಷೌರಿಕರು ವೈದ್ಯರನ್ನು ಕಾಣಿರೆಂದು ಬುದ್ಧಿ ಹೇಳಿದರು. ಇನ್ನೊಂದು ಗುಂಪಿನವರನ್ನು ವೈದ್ಯರೊಡನೆ ಒಪ್ಪಂದವಿದ್ದ ಫಾರ್ಮಸಿಸ್ಟ್‌ಗಳು ಅಂಗಡಿಗೇ ಬಂದು ಕಂಡು, ಔಷಧ ಬರೆದು, ಪ್ರಮಾಣ ಹೊಂದಿಸಿದರು. ಆರು ತಿಂಗಳಲ್ಲಿ ಮೊದಲನೆಯವರ ಮೇಲಿನ ಅಂಕಿ ಸರಾಸರಿ 9ರಷ್ಟು ಇಳಿದರೆ ಎರಡನೆಯವರದು 27ರಷ್ಟು ಇಳಿಯಿತು. ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ ಫಾರ್ಮಸಿಸ್ಟ್‌ಗಳು ಔಷಧ ಬರೆಯುವ ಅಧಿಕಾರವನ್ನು 2007ರಿಂದಲೇ ಪಡೆದಿದ್ದಾರೆ. ಅಲ್ಲಿನ ಅಧ್ಯಯನವೂ ಇದೇ ದಿಕ್ಕಿನಲ್ಲಿ, ಇಷ್ಟು ನಾಟಕೀಯವಾಗಿ ಅಲ್ಲದಿದ್ದರೂ, ಫಲ ತೋರಿಸಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2021ರ ಅಕ್ಟೋಬರಿನಿಂದ 40 ದಾಟಿದವರ ರಕ್ತದೊತ್ತಡವನ್ನು ಬೀದಿಯ ಔಷಧದಂಗಡಿಗಳಲ್ಲಿ ಅಳೆಸುತ್ತಿದೆ ಮತ್ತು ಪ್ರತಿ ತಪಾಸಣೆಗೂ ಅಂಗಡಿಗೆ ಶುಲ್ಕ ಕೊಡುತ್ತಿದೆ. ವಿಲಿಯಂ ರೋಸ್‌ನ ದೇಶ ಅಂತೂ ಮಾತಿಗೆ ಬೆಲೆ ಕಟ್ಟಿತು.

ಇದನ್ನೆಲ್ಲ ಇಲ್ಲಿಗೆ ಹಾಗೆಯೇ ತರೋಣವೆಂದು ನಾನು ಹೇಳಲಾರೆ. ನನ್ನ ಗೆಳೆಯರಾದ ವೈದ್ಯರೊಬ್ಬರ ಮುಂದೆ ಈ ಮಾತು ಎತ್ತಿದಾಗ ಅವರು ಕೇಳಿದ ಪ್ರಶ್ನೆ ನನ್ನ ಬಾಯಿ ಕಟ್ಟಿಸಿತು: "ನೀವು ಹೋಗುವ ಅಂಗಡಿಯಲ್ಲಿ ಕೌಂಟರಿನ ಹಿಂದಿರುವವನು ಫಾರ್ಮಸಿಸ್ಟ್ ಹೌದೇ ಎಂದು ಎಂದಾದರೂ ಕೇಳಿದ್ದೀರಾ?" ಕೇಳಿರಲಿಲ್ಲ. ಗೋಡೆಯ ಚೌಕಟ್ಟಿನಲ್ಲಿರುವ ಪ್ರಮಾಣಪತ್ರ ಒಬ್ಬರದು, ಗುಳಿಗೆ ಎಣಿಸುವ ಕೈ ಇನ್ನೊಬ್ಬರದು ಎಂಬ ಬಾಡಿಗೆಯ ವ್ಯವಸ್ಥೆ ದೇಶದ ಉದ್ದಗಲಕ್ಕೂ ಇರುವ ಬಹಿರಂಗ ಗುಟ್ಟು. ಗಂಟಲು ಕೆರೆಯುತ್ತಿದೆ ಎಂದವನಿಗೆ ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಡುವ ಕೌಂಟರೂ ಇದೇ. ಅಂಥ ಕೈಗೆ ಔಷಧ ಬರೆಯುವ ಅಧಿಕಾರ ಕೊಡುವುದು ಇಂದಿನ ಸ್ಥಿತಿಯಲ್ಲಿ ಅಪಾಯವೇ; ವೈದ್ಯರ ಆತಂಕವನ್ನು ಬರಿಯ ವೃತ್ತಿಮತ್ಸರವೆಂದು ತಳ್ಳಿಹಾಕಲಾಗದು.

ಆದರೆ ಅಳೆಯುವುದು, ಬರೆದಿಡುವುದು, ಕೇಳುವುದು, ಎಚ್ಚರಿಸುವುದು, ವೈದ್ಯರ ಬಳಿಗೆ ಕಳುಹಿಸುವುದು — ಇವಕ್ಕೆ ಹೊಸ ಅಧಿಕಾರವೇನೂ ಬೇಕಿಲ್ಲ. ಬೇಕಾದದ್ದು ಶುಲ್ಕ ಮತ್ತು ಹೊಣೆ. ವಿಮೆಯೋ, ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯೋ, ನೋಂದಾಯಿತ ಫಾರ್ಮಸಿಸ್ಟ್ ಸ್ವತಃ ಕುಳಿತು ದಾಖಲಿಸಿದ ಪ್ರತಿ ತಪಾಸಣೆಗೆ ಒಂದು ಸಣ್ಣ ಮೊತ್ತವನ್ನು ಕೊಟ್ಟುನೋಡಲಿ. ದಾಖಲೆಯಲ್ಲಿ ಆತನ ಹೆಸರು, ನೋಂದಣಿ ಸಂಖ್ಯೆ ಇರಲಿ. ಆಗ ಬಾಡಿಗೆಯ ಪ್ರಮಾಣಪತ್ರಕ್ಕಿಂತ ನಿಜವಾದ ಮನುಷ್ಯ ಅಂಗಡಿಗೆ ಲಾಭಕರನಾಗುತ್ತಾನೆ. ತಪಾಸಣಾ ದಳಗಳು ಮಾಡಲಾಗದ ಕೆಲಸವನ್ನು ಈ ಲೆಕ್ಕಾಚಾರ ಮಾಡೀತು ಎಂಬುದು ನನ್ನ ನಂಬಿಕೆ. ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮವೆಂದು 2017ರ ನವೆಂಬರಿನಲ್ಲಿ ಆರಂಭವಾದ ಸರ್ಕಾರಿ ಕಾರ್ಯಕ್ರಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಳ್ಳೆಯ ಕೆಲಸ ಮಾಡಿದೆ; ಆದರೆ ಸ್ಯಾಟಲೈಟಿನಂಥ ಬಡಾವಣೆಯ ಮಧ್ಯಮವರ್ಗ ಅಲ್ಲಿಗೆ ಕಾಲಿಡುವುದಿಲ್ಲ. ಆ ವರ್ಗದ ಆರೋಗ್ಯ ಕೇಂದ್ರವೆಂದರೆ ರಾತ್ರಿ ಹತ್ತೂವರೆಯವರೆಗೆ ಹಸಿರು ಅಡ್ಡಚಿಹ್ನೆ ಬೆಳಗುವ ಈ ಅಂಗಡಿಯೇ. ಅದೂ ಎಷ್ಟು ದಿನವೋ. ಹತ್ತು ನಿಮಿಷದಲ್ಲಿ ಗುಳಿಗೆ ಬಾಗಿಲಿಗೆ ಬರುವ ಕಾಲ ಬಂದಿದೆ. ಬಾಗಿಲಿಗೆ ಬರುವ ಹುಡುಗ ಅಮ್ಮನ ಪಾದವನ್ನು ನೋಡಲಾರ, ನೋಡಿದರೂ ಅದು ಅವನ ಕೆಲಸವಲ್ಲ.

ಇನ್ನು ಭಾಷೆಯ ಮಾತು. ಹೊರನಾಡಿನ ಕನ್ನಡಿಗರಾದ ನಮಗೆ ಇದೇ ಮುಖ್ಯ. ಅಂದು ಕೌಂಟರಿನಲ್ಲಿ ಅಮ್ಮ "ಕಾಲು ಭಾರ ಆಗ್ಯಾವ, ತಲಿ ಝುಂ ಅಂತದ" ಎಂದರು. ನಾನು ಅದನ್ನು ಹಿಂದಿಗೆ ತಿರುಗಿಸುವಾಗ ಝುಂ ಎನ್ನುವುದು ತಲೆನೋವಾಯಿತು. ಆತ ತಿರುಗಿ ಕೇಳಿದ್ದರಿಂದ ಸರಿಹೋಯಿತು: ನೋವೋ, ಸುತ್ತೋ? ಎದ್ದಾಗಲೋ, ಕುಳಿತಾಗಲೋ? ನಾನು ಕಚೇರಿಗೆ ಹೋದ ಮೇಲೆ ಅಮ್ಮ ಒಬ್ಬರೇ ಅಂಗಡಿಗೆ ಹೋಗಿದ್ದರೆ ಈ ಸಂವಾದ ನಡೆಯುತ್ತಿರಲಿಲ್ಲ. ಇಬ್ಬರ ನಡುವೆ ಸಾಮಾನ್ಯವಾಗಿದ್ದ ಪದ ಒಂದೇ, ಅವರ ಗುಳಿಗೆ, ಅವನ ಗೋಳಿ.

ಈ ಬಡಾವಣೆಗೆ ಸ್ಯಾಟಲೈಟ್ ಎಂಬ ಹೆಸರು ಬಂದದ್ದು ಜೋಧಪುರ ಟೇಕ್ರಾದ ಇಸ್ರೋ ಕೇಂದ್ರದಿಂದ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಹಮದಾಬಾದಿನ ಭೂಕೇಂದ್ರದಿಂದ ಅಮೆರಿಕದ ಎರವಲು ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಹೋದವು. ಕೃಷಿ, ಆರೋಗ್ಯ, ಕುಟುಂಬ ಯೋಜನೆ. ಗುಲ್ಬರ್ಗಾ, ರಾಯಚೂರು, ಬಿಜಾಪುರದ ಹಳ್ಳಿಗಳವರಿಗೆ ಅವು ಕನ್ನಡದಲ್ಲೇ ಕೇಳಿಸಿದವು. ಐವತ್ತು ವರ್ಷಗಳ ಹಿಂದೆ ಈ ಊರು ಆಕಾಶದ ಮೇಲಿಂದ ಕನ್ನಡಿಗರಿಗೆ ಕನ್ನಡದಲ್ಲಿ ಆರೋಗ್ಯದ ಮಾತನ್ನು ತಲುಪಿಸಿತ್ತು. ಇಂದು ಅದೇ ಊರಿನ ಮೂರಡಿ ಅಗಲದ ಕೌಂಟರನ್ನು ಆ ಮಾತು ದಾಟಲು ತಿಣುಕುತ್ತಿದೆ.

ಗುಜರಾತಿನ ಫಾರ್ಮಸಿಸ್ಟ್ ಕನ್ನಡ ಕಲಿಯಲೆಂದು ಕೇಳುವುದು ಮೂರ್ಖತನ. ನಮ್ಮ ಬಳಗ ಮಾಡಬಹುದಾದ ಕೆಲಸವೊಂದಿದೆ. ನಾವು ಕವನಗಳನ್ನು ಗುಜರಾತಿಗೆ ಅನುವಾದಿಸಿದ್ದೇವೆ, ವರ್ಷಕ್ಕೊಮ್ಮೆ ಅದಕ್ಕೆ ಚಪ್ಪಾಳೆಯೂ ಬೀಳುತ್ತದೆ. ಅಂಗೈಯಗಲದ ಒಂದು ಚೀಟಿಯನ್ನು ಏಕೆ ಅನುವಾದಿಸಬಾರದು? ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದು ಮಗ್ಗುಲಲ್ಲಿ ಗುಜರಾತಿ. ಗುಳಿಗೆಯ ಮೂಲ ಹೆಸರು, ಕಂಪನಿಯ ಹೆಸರಲ್ಲ. ಸವಾರೆ, ಬಪೋರೆ, ರಾತ್ರೆ ಎಂಬುದರ ಎದುರು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಕಾಲು ಊದಿದೆ, ತಲೆ ಸುತ್ತುತ್ತದೆ, ಒಣಕೆಮ್ಮು ಬಿಡುತ್ತಿಲ್ಲ ಎಂಬ ಏಳೆಂಟು ವಾಕ್ಯಗಳು, ಬೆರಳಿಟ್ಟು ತೋರಿಸುವಂತೆ. ಕೆಳಗೆ ತಿಂಗಳಿಗೊಮ್ಮೆ ಒತ್ತಡದ ಅಂಕಿ ಬರೆಯಲು ಹನ್ನೆರಡು ಮನೆ. ಕರಡನ್ನು ನಾನು ಬರೆದಿದ್ದೇನೆ. ಒಣಕೆಮ್ಮಿಗೆ ಸರಿಯಾದ ಗುಜರಾತಿ ಪದದ ಬಗ್ಗೆ ನನ್ನ ನೆರೆಮನೆಯವರಲ್ಲೇ ಒಮ್ಮತವಿಲ್ಲ. ಬಲ್ಲ ಸದಸ್ಯರು ತಿದ್ದಿಕೊಡಬೇಕು. ಒಬ್ಬ ವೈದ್ಯರು, ಒಬ್ಬ ಫಾರ್ಮಸಿಸ್ಟ್ ನೋಡಿ ಒಪ್ಪುವವರೆಗೆ ಅಚ್ಚು ಹಾಕಿಸುವುದು ಬೇಡ.

ಮೊದಲ ಪ್ರತಿಯನ್ನು ಅಮ್ಮನಿಗೇ ಕೈಬರಹದಲ್ಲಿ ಮಾಡಿಕೊಟ್ಟೆ. ಹೊತ್ತುಗಳ ಪಕ್ಕದಲ್ಲಿ ಮಗಳು ಸೂರ್ಯನನ್ನೂ ಚಂದ್ರನನ್ನೂ ಬರೆದಳು. ಯುಗಾದಿಗೆ ಊರಿಗೆ ಮರಳಿದ ಮೇಲೆ ಅಮ್ಮ ಅದನ್ನು ಹಾವೇರಿಯ ಔಷಧದಂಗಡಿಯಲ್ಲಿ ತೋರಿಸಿದರಂತೆ. ಹದಿನಾಲ್ಕು ವರ್ಷಗಳಿಂದ ಅವರಿಗೆ ಗುಳಿಗೆ ಕೊಡುತ್ತಿರುವವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗುಜರಾತಿ ಅಕ್ಷರಗಳಿಗೆ ನಕ್ಕು, ಆಮೇಲೆ ಕನ್ನಡಕ ಏರಿಸಿಕೊಂಡು ಕೇಳಿದರಂತೆ: "ಅಲ್ರೀ ಅಕ್ಕಾರ, ಮೊಣಕಾಲಿಗೆ ಏನು ತಗೋತೀರಿ ನೀವು?"